ಏಣಿ ನಿಂತ ಮನೆ: ಸಂತ ಬೆನೆಡಿಕ್ಟರ ದೀನತೆಯ ಅಧ್ಯಾಯವನ್ನು ಕೊಪ್ಪಳದ ಸೀಮೆಯಲ್ಲಿ ಓದುವಾಗ

ಅಹಂಕಾರವೇ ಪಾಪದ ಬೇರು ಎಂಬ ಬೋಧನೆ ಧರ್ಮಸಭೆಯಲ್ಲಿ ಹಳೆಯದು. ಸಂತ ಅಗಸ್ಟೀನರು ಮೊದಲ ಪತನದ ಆರಂಭವನ್ನು ಅಲ್ಲಿಯೇ ಕಂಡರು. ಮಹಾ ಗ್ರೆಗೊರಿಯವರು ಅದನ್ನು ಏಳು ಮೂಲಪಾಪಗಳ ಸಾಲಿನಲ್ಲಿ ಕೂರಿಸದೆ, ಅವುಗಳ ಮೇಲೆ ಆಳುವ ರಾಣಿಯೆಂದು ಬೇರೆಯಾಗಿಯೇ ಇರಿಸಿದರು. ಈ ರೋಗಕ್ಕೆ ಪಶ್ಚಿಮದ ಧರ್ಮಸಭೆ ಹೆಚ್ಚಾಗಿ ಆಶ್ರಯಿಸಿದ ಮದ್ದು ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 7ನೆಯ ಅಧ್ಯಾಯ, ಅಂದರೆ ದೀನತೆಯ ಹನ್ನೆರಡು ಮೆಟ್ಟಿಲುಗಳ ಏಣಿ. ನಮ್ಮ ಧ್ಯಾನಕೂಟಗಳಲ್ಲಿಯೂ ತಪಸ್ಸುಕಾಲದ ಪ್ರಬೋಧನೆಗಳಲ್ಲಿಯೂ ಬೆನೆಡಿಕ್ಟರ ಹೆಸರು ಬರಲಿ ಬಾರದಿರಲಿ, ಮಾತು ಬಹುಪಾಲು ಈ ಏಣಿಯಿಂದಲೇ ಬಂದದ್ದು. ಆ ಮಾತು ಏಣಿಯನ್ನು ಮಾತ್ರ ತಂದು, ಅದು ನಿಂತಿದ್ದ ಮನೆಯನ್ನು ಹಿಂದೆ ಬಿಟ್ಟು ಬಂದಿದೆ ಎಂಬುದು ನಮ್ಮ ಆಕ್ಷೇಪ.

ಮೂರು ಮೆಟ್ಟಿಲುಗಳನ್ನು ಮಾತ್ರ ನೋಡೋಣ. ನಾಲ್ಕನೆಯದರಲ್ಲಿ ಸಂನ್ಯಾಸಿ ತನಗಾದ ಕಠೋರ ವರ್ತನೆಯನ್ನೂ ಅನ್ಯಾಯವನ್ನೂ ಮೌನದಿಂದ ಸಹಿಸಿಕೊಳ್ಳಬೇಕು. ಏಳನೆಯದರಲ್ಲಿ ತಾನು ಎಲ್ಲರಿಗಿಂತಲೂ ಕೀಳೆಂದು ಬಾಯಲ್ಲಿ ಹೇಳಿದರೆ ಸಾಲದು, ಹೃದಯದಲ್ಲಿ ನಂಬಬೇಕು. ತನ್ನನ್ನು ಹುಳುವೆಂದು ಕರೆದುಕೊಳ್ಳುವ 22ನೆಯ ಕೀರ್ತನೆಯನ್ನು ಬೆನೆಡಿಕ್ಟರು ಇಲ್ಲಿ ನೆನೆಯುತ್ತಾರೆ. ಹನ್ನೆರಡನೆಯದರಲ್ಲಿ ಅವನು ಎಲ್ಲಿಯೇ ಇರಲಿ, ಹೊಲದಲ್ಲಿಯೂ ದಾರಿಯಲ್ಲಿಯೂ ತಲೆಬಾಗಿಸಿ ಕಣ್ಣನ್ನು ನೆಲದಲ್ಲಿ ನೆಟ್ಟಿರಬೇಕು.

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿಯ ಹಿಟ್ನಾಳದಂಥ ಊರಿನ ಕೇರಿಯಲ್ಲಿ ಈ ಮೂರನ್ನು ಓದಿದರೆ ಕೇಳುವವರಿಗೆ ಏನೆನಿಸೀತು? ಅವರ ಅಜ್ಜ ಮುತ್ತಜ್ಜಂದಿರು ಈ ಮೆಟ್ಟಿಲುಗಳನ್ನು ಯಾವ ಮಠಕ್ಕೂ ಸೇರದೆಯೇ ಏರಿದ್ದರು. ಅನ್ಯಾಯಕ್ಕೆ ಮೌನ, ತಾನು ಕೀಳೆಂಬ ನಂಬಿಕೆ, ನೆಲ ನೋಡುವ ಕಣ್ಣು ಎಲ್ಲವನ್ನೂ ಊರು ಹುಟ್ಟಿನೊಂದಿಗೇ ಕಲಿಸಿತ್ತು. ಇದು ಮುಗಿದುಹೋದ ಕಥೆಯಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ದೇವಸ್ಥಾನದೊಳಗೆ ಓಡಿತೆಂದು ಶುದ್ಧೀಕರಣಕ್ಕಾಗಿ 25,000 ರೂಪಾಯಿ ದಂಡ ಕೇಳಲಾಯಿತು. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು; 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಪ್ರಕರಣ ಮೇಲ್ಮನವಿಗೆ ಹೋಗಿದೆ. ಇವು ನೆರೆಯವರ ಪಾಪಗಳೆಂದು ನಾವು ನಿರುಮ್ಮಳವಾಗಿ ಇರುವಂತೆಯೂ ಇಲ್ಲ. ಜಾತಿಭೇದ ಧರ್ಮಸಭೆಯೊಳಗೂ ಉಳಿದಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ.

ಇದಕ್ಕೆ ಕೊಡುವ ರೂಢಿಯ ಉತ್ತರ ನಮಗೆಲ್ಲ ಗೊತ್ತು: ದೀನತೆ ಅಂತರಂಗದ ಗುಣ, ಸಾಮಾಜಿಕ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. ಹನ್ನೆರಡನೆಯ ಮೆಟ್ಟಿಲನ್ನು ದೇಹದ ಭಂಗಿಯಲ್ಲಿ ಇರಿಸಿದ ಬೆನೆಡಿಕ್ಟರೇ ಈ ಉತ್ತರವನ್ನು ಒಪ್ಪಲಾರರು. ಇನ್ನೊಂದು ತುದಿಯಲ್ಲಿ ಅಮೆರಿಕದ ವ್ಯಾಲೆರಿ ಸೇವಿಂಗ್ 1960ರ ತಮ್ಮ ಪ್ರಬಂಧದಲ್ಲಿ, ಅಹಂಕಾರವನ್ನೇ ಪಾಪದ ಮೂಲರೂಪವೆನ್ನುವ ದೈವಶಾಸ್ತ್ರ ಪುರುಷರ ಅನುಭವದಿಂದ ಹುಟ್ಟಿದ್ದು, ಸ್ತ್ರೀಯರನ್ನು ಕಾಡುವ ಪ್ರಲೋಭನೆ ತನ್ನತನವನ್ನೇ ಕಳೆದುಕೊಳ್ಳುವುದು ಎಂದು ವಾದಿಸಿದರು. ಈ ಮಾತು ಕೇರಿಗೂ ಸಲ್ಲುತ್ತದೆ. ಆದರೆ ಅಲ್ಲಿಗೇ ನಿಲ್ಲಲು ನಾವು ಸಿದ್ಧರಿಲ್ಲ. ತುಳಿತಕ್ಕೊಳಗಾದವನೂ ತನ್ನ ಹೆಂಡತಿಯೆದುರು ದೊರೆಯಾಗಬಲ್ಲನು. ಅಹಂಕಾರ ಶ್ರೀಮಂತರ ಮನೆಯಲ್ಲಿ ಮಾತ್ರ ಬಿಡಾರ ಹೂಡುವುದಿಲ್ಲ. ಆದ್ದರಿಂದ ದೀನತೆಯ ಬೋಧನೆಯನ್ನು ಯಾರಿಂದಲೂ ಮರೆಮಾಡಬೇಕಿಲ್ಲ, ಅದು ಏನೆಂದು ಸರಿಯಾಗಿ ಹೇಳಬೇಕಾಗಿದೆ.

ಇಲ್ಲಿ ಶಬ್ದದ ಕಡೆಗೆ ಗಮನ ಹರಿಸುವುದು ಅಗತ್ಯ. ಕನ್ನಡದ ‘ದೀನ’ ಎರಡು ಹೊರೆ ಹೊತ್ತಿದೆ: ವಿನಯವುಳ್ಳವನು, ದಿಕ್ಕೆಟ್ಟವನು. ಗ್ರೀಕಿನಲ್ಲಿಯೂ ಹೀಗೆಯೇ. ಮಾತೆ ಮರಿಯಳ ಸ್ತುತಿಗೀತೆಯಲ್ಲಿ ದೇವರು ಕಟಾಕ್ಷಿಸಿದ್ದು ಆಕೆಯ ‘ತಪೇಯ್ನೋಸಿಸ್’ ಅನ್ನು, ಎಂದರೆ ಆಕೆಯ ಹೀನಸ್ಥಿತಿಯನ್ನು. ಅದನ್ನು ವಿನಯವೆಂಬ ಸದ್ಗುಣವಾಗಿ ಓದಿದರೆ, ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುವ ಮುಂದಿನ ಮಾತಿಗೆ ಅರ್ಥವೇ ಕುಂದುತ್ತದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಈಜಿಪ್ಟಿನವರು ಇಸ್ರಯೇಲರನ್ನು ಪೀಡಿಸಿದ್ದಕ್ಕೂ ಶೆಕೆಮನು ದೀನಳನ್ನು ಕೆಡಿಸಿದ್ದಕ್ಕೂ ಬಳಸಿದ ಕ್ರಿಯಾಪದ ಒಂದೇ. ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನ ಕುರಿತು ಪೌಲನು ಬಳಸಿದ್ದೂ ಅದನ್ನೇ. ಪೌಲನಲ್ಲಿ ಒಂದು ಸರ್ವನಾಮ ಹೆಚ್ಚಾಗಿ ಬಂದಿದೆ: ‘ತನ್ನನ್ನು’. ಇನ್ನೊಬ್ಬರನ್ನು ತಗ್ಗಿಸುವುದು ಫರೋಹನ ಕೆಲಸ, ತನ್ನನ್ನು ತಗ್ಗಿಸಿಕೊಳ್ಳುವುದು ಪ್ರಭುವಿನ ಕೆಲಸ. ನಮ್ಮ ಪ್ರಬೋಧನೆಗಳಲ್ಲಿ ಕಳೆದುಹೋಗಿರುವುದು ಈ ಸರ್ವನಾಮ.

ಇನ್ನು ಬೆನೆಡಿಕ್ಟರ ಮನೆ. 2ನೆಯ ಅಧ್ಯಾಯದ ಪ್ರಕಾರ ಮಠಾಧಿಪತಿ ತಕ್ಕ ಕಾರಣವಿಲ್ಲದೆ ಸ್ವತಂತ್ರನಾಗಿ ಹುಟ್ಟಿದವನನ್ನು ಗುಲಾಮಗಿರಿಯಿಂದ ಬಂದವನಿಗಿಂತ ಮೇಲಿಡುವಂತಿಲ್ಲ. 63ನೆಯ ಅಧ್ಯಾಯದ ಪ್ರಕಾರ ಹಿರಿತನ ಮಠಕ್ಕೆ ಬಂದ ಗಳಿಗೆಯಿಂದ ಎಣಿಕೆಯಾಗುತ್ತದೆ. ಎರಡನೆಯ ತಾಸಿಗೆ ಬಂದವನು, ಅವನ ವಯಸ್ಸೋ ಅಂತಸ್ತೋ ಏನೇ ಇರಲಿ, ಮೊದಲನೆಯ ತಾಸಿಗೆ ಬಂದವನಿಗೆ ಕಿರಿಯನು. 35ನೆಯ ಅಧ್ಯಾಯದ ಪ್ರಕಾರ ಎಲ್ಲರೂ ಸರದಿಯಂತೆ ಅಡಿಗೆಮನೆಯಲ್ಲಿ ದುಡಿಯಬೇಕು. ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದೆಂದು ಇಂದಿಗೂ ಲೆಕ್ಕ ಹಾಕುವ ನಾಡಿನಲ್ಲಿ ಈ ಕೊನೆಯ ನಿಯಮವನ್ನು ಎರಡು ಸಲ ಓದಬೇಕು. ಅಧಿಕಾರಿಯ ಮಗನೂ ಬಿಡುಗಡೆಯಾದ ಗುಲಾಮನೂ ಒಂದೇ ಒಲೆಯ ಮುಂದೆ ಕುಳಿತ ಮೇಲೆ ಏಳನೆಯ ಮೆಟ್ಟಿಲು ಬೇರೆಯೇ ಆಗುತ್ತದೆ: ಅದು ಅಧಿಕಾರಿಯ ಮಗನಿಗೆ ಇಳಿತ, ಗುಲಾಮನಿಗೆ ಹೊಸದಾಗಿ ದೊರೆತ ಸ್ವಾತಂತ್ರ್ಯದ ಬಳಕೆ. ಅಲ್ಲಿ ಎಲ್ಲರೂ ತಲೆಬಾಗಿಸಿರುವುದರಿಂದ, ಬಾಗಿದ ತಲೆಯ ಮೇಲೆ ಕಣ್ಣು ಹಾಯಿಸಿ ನಿಲ್ಲುವವನು ಯಾರೂ ಇಲ್ಲ. ಭಯದಿಂದ ಆರಂಭವಾದ ಏಣಿ ಭಯವನ್ನು ಹೊರದೂಡುವ ಪ್ರೀತಿಯಲ್ಲಿ ಮುಗಿಯುತ್ತದೆ ಎಂಬುದನ್ನೂ ಅನೇಕ ಪ್ರಬೋಧಕರು ಓದದೆ ಬಿಡುತ್ತಾರೆ. ಅಧ್ಯಾಯ ದೀರ್ಘವಾಗಿದೆ, ನಿಜ.

ದೇವರಿಗೆ ಶರಣಾಗುವುದೆಂದರೆ ಏನೆಂದು ನಮ್ಮ ಜನರಿಗೆ ನಾವು ಹೊಸದಾಗಿ ಕಲಿಸಬೇಕಾಗಿಲ್ಲ. ಶರಣು ಎಂಬುದು ಈ ಸೀಮೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳುವ ನಮಸ್ಕಾರವೂ ಹೌದು. ಒಬ್ಬ ದೇವರಿಗೆ ಬಾಗಿದವರು ಪರಸ್ಪರ ಬಾಗಿದರು, ಆದ್ದರಿಂದ ಯಾರೂ ಕೆಳಗೆ ಉಳಿಯಲಿಲ್ಲ ಎಂಬ ನೆನಪು ಆ ಶಬ್ದದಲ್ಲಿದೆ. ಸಮಗಾರ ಹರಳಯ್ಯನ ಒಂದು ಶರಣಿಗೆ ಬಸವಣ್ಣನವರು ಎರಡು ಸಲ ಶರಣೆಂದರಂತೆ. ಆ ಹೆಚ್ಚಿನ ಶರಣಿನ ಭಾರ ತಾಳದೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಒಪ್ಪಿಸಿದರಂತೆ. ಕಥೆಯಲ್ಲಿ ಮೊದಲು ಇಳಿದು ಬಂದವನು ಮೇಲಿನವನು ಎಂಬುದನ್ನು ನಾವು ಮೆಚ್ಚುತ್ತೇವೆ. ಆದರೆ ದೊರೆತ ಗೌರವಕ್ಕೆ ಚರ್ಮ ಸುಲಿದು ಬೆಲೆ ತೆತ್ತವನು ಕೆಳಗಿನವನೇ ಎಂಬುದು ನಮ್ಮನ್ನು ಕಲಕುತ್ತದೆ. ಕ್ರೈಸ್ತ ಶರಣಾಗತಿಯಲ್ಲಿ ಆ ಬೆಲೆಯನ್ನು ತೆರುವವನು ಇಳಿದು ಬಂದವನೇ. ಅವನಿಗೆ ತನ್ನನ್ನು ಒಪ್ಪಿಸಿಕೊಂಡ ಮೇಲೆ ಊರಿನ ಬೇರೆ ಒಡೆಯರಿಗೆ ಸಲ್ಲಬೇಕಾದ ಬಾಗುವಿಕೆ ಯಾವುದೂ ಬಾಕಿ ಉಳಿಯುವುದಿಲ್ಲ. ಕೇರಿಯ ಕ್ರೈಸ್ತನೊಬ್ಬನು ಠಾಣೆಯ ಮೆಟ್ಟಿಲೇರಿ ದೂರು ಕೊಟ್ಟರೆ ಅದನ್ನು ಅಹಂಕಾರವೆಂದು ಕರೆಯುವ ಧರ್ಮಗುರು ಏಣಿಯನ್ನು ತಲೆಕೆಳಗಾಗಿ ಹಿಡಿದಿದ್ದಾನೆ.

ಹಾಗಾದರೆ ನಾವು ಯಾಜಕರು ಏರಬೇಕಾದ, ಅಲ್ಲ, ಇಳಿಯಬೇಕಾದ ಮೆಟ್ಟಿಲು ಯಾವುದು? ಶಾಲು, ಹಾರ, ಎತ್ತರದ ಕುರ್ಚಿಗಳ ವಿಷಯ ಎಲ್ಲರೂ ಬಲ್ಲದ್ದು. ಪವಿತ್ರ ಗುರುವಾರದ ಪಾದಕ್ಷಾಳನವನ್ನಾದರೂ ನೋಡೋಣ. ಪೋಪ್ ಫ್ರಾನ್ಸಿಸರ ಇಚ್ಛೆಯಂತೆ 2016ರ ಆಜ್ಞಾಪತ್ರವು ದೇವಜನರೆಲ್ಲರಿಂದ, ಸ್ತ್ರೀಯರನ್ನೂ ಸೇರಿಸಿ, ಆಯ್ಕೆಗೆ ಅವಕಾಶ ಕೊಟ್ಟಿತು. ಆದರೂ ಹಲವೆಡೆ ಸಾಲಿನಲ್ಲಿ ಕುಳಿತಿರುವುದು ಊರಿನ ಗಣ್ಯರು, ಮನೆಯಲ್ಲಿಯೇ ಚೆನ್ನಾಗಿ ತೊಳೆದುಕೊಂಡು ಬಂದ ಪಾದಗಳೊಂದಿಗೆ. ಬೆನೆಡಿಕ್ಟರಲ್ಲಿ ಇದು ವರ್ಷಕ್ಕೊಮ್ಮೆಯ ವಿಧಿಯಲ್ಲ, ವಾರದ ಕೆಲಸ. ಶನಿವಾರ ಸರದಿ ಮುಗಿಸುವವನೂ ಮರುದಿನ ಸರದಿ ಹಿಡಿಯುವವನೂ ಕೂಡಿ ಎಲ್ಲರ ಪಾದ ತೊಳೆಯಬೇಕು. ಮುಗಿಸುವವನು ಸಹೋದರರು ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ, ಒಡೆಯದಂತೆ ಉಗ್ರಾಣದವನಿಗೆ ಹಿಂದಿರುಗಿಸಬೇಕು.