ಪ್ಲೇಟಿನ ಲೆಕ್ಕ

ಮಹಾಗಾಂವ ಕ್ರಾಸ್‌ನಲ್ಲಿ ಬೈಕಿನಿಂದ ಬಿದ್ದ ನಮ್ಮ ಕಾಕಾನ ಮಗ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಎಕ್ಸ್‌ರೇ ಕಳಿಸಿದ. ಬಲಗಡೆಯ ಕಾಲರ್ ಬೋನ್ ನಟ್ಟನಡುವೆ ಮುರಿದು, ಎರಡು ತುಂಡು ಒಂದರ ಮೇಲೊಂದು ಏರಿ ಕೂತಿದ್ದವು. "ಅಣ್ಣಾ, ನಾಳೇನೇ ಪ್ಲೇಟ್ ಹಾಕ್ಬೇಕಂತ. ಇಲ್ಲಂದ್ರ ಎಲುಬು ಕೂಡಂಗಿಲ್ಲ ಅಂತಾರ. ಏನ್ ಮಾಡ್ಲಿ?" ನಾನು ಓದಿದ್ದು ಬಿಇ. ಆದ್ರೂ ಬೆಂಗಳೂರಲ್ಲಿರೋ ಅಣ್ಣನಿಗೆ ಎಲ್ಲಾ ಗೊತ್ತಿರ್ತದೆ ಅನ್ನೋದು ಊರಿನ ನಂಬಿಕೆ. ಹಿಂದಿನಿಂದ ಅಜ್ಜಿ ಕೂಗ್ತಿದ್ದಳು: "ಎಲುಬು ತಾನೇ ಕೂಡ್ತದ, ಕೊಯ್ಸಬ್ಯಾಡ."

ಅವತ್ತು ರಾತ್ರಿ ಕೂತು ಓದಿದೆ. ಅಜ್ಜಿ ಪರವಾಗಿ ಅಮೆರಿಕದ ಚಾರ್ಲ್ಸ್ ನೀರ್ ಸಿಕ್ಕ. 1960ರಲ್ಲಿ ಅವನು ಬರೆದ ಪ್ರಕಾರ 2235 ಜನರಲ್ಲಿ ಎಲುಬು ಕೂಡದೆ ಉಳಿದದ್ದು ಮೂವರಿಗೆ ಮಾತ್ರ. ಆದ್ರೆ ಅದು ಜಾಗ ಬಿಟ್ಟು ಸರಿದ ಮುರಿತ, ಸರಿಯದ ಮುರಿತ ಎಲ್ಲಾ ಒಂದೇ ಚೀಲಕ್ಕೆ ಸುರಿದ ಲೆಕ್ಕ. 1997ರಲ್ಲಿ ಅಮೆರಿಕದ ಹಿಲ್ ಮತ್ತು ಸಂಗಡಿಗರು ಪೂರ್ತಿ ಸರಿದ 52 ಮುರಿತಗಳನ್ನಷ್ಟೇ ನೋಡಿದಾಗ ಶೇ. 15ರಷ್ಟು ಕೂಡಿರಲಿಲ್ಲ.

ಪ್ಲೇಟಿಗೆ ಬಲ ಕೊಟ್ಟದ್ದು 2007ರ ಕೆನಡಾದ ಅಧ್ಯಯನ. ಪ್ಲೇಟ್ ಹಾಕಿಸಿಕೊಂಡ 62 ಜನರಲ್ಲಿ 2, ಬರೀ ಜೋಳಿಗೆ ಕಟ್ಟಿದ 49 ಜನರಲ್ಲಿ 7 ಮಂದಿಗೆ ಎಲುಬು ಕೂಡಲಿಲ್ಲ. ನನ್ನ ತಕರಾರು ಆ 49ರ ಮೇಲೆ. ಶುರುವಿನಲ್ಲಿ ಜೋಳಿಗೆಯವರು 65 ಮಂದಿ ಇದ್ದರು, ವರ್ಷದ ಕೊನೆಗೆ 16 ಜನ ಲೆಕ್ಕಕ್ಕೇ ಸಿಗಲಿಲ್ಲ. ಪ್ಲೇಟಿನವರು 67, ಕಾಣೆಯಾದವರು ಐದೇ ಜನ. ನೆಟ್ಟಗಾದವನು ಮತ್ತೆ ಆಸ್ಪತ್ರೆ ಮೆಟ್ಟಿಲು ಯಾಕೆ ಹತ್ತಬೇಕು? ಎರಡೂ ಕಡೆ ಇಷ್ಟು ವ್ಯತ್ಯಾಸದಲ್ಲಿ ಲಾಗ್ ಕಾಣೆಯಾಗಿದ್ರೆ ನಮ್ಮ ಟೀಮಿನಲ್ಲಿ ಆ ರಿಪೋರ್ಟು ವಾಪಸ್ ಬರ್ತಿತ್ತು.

2013ರ ಬ್ರಿಟನ್ನಿನ ಅಧ್ಯಯನ ಇನ್ನೂ ಗಟ್ಟಿ. ಜೋಳಿಗೆಯ 92ರಲ್ಲಿ 16, ಪ್ಲೇಟಿನ 86ರಲ್ಲಿ ಒಂದೇ. ಅಂದ್ರೆ ಒಬ್ಬನನ್ನು ಉಳಿಸಲು ಸುಮಾರು ಆರು ಜನರಿಗೆ ಆಪರೇಷನ್. ಎಲುಬು ಕೂಡದವರನ್ನು ಬಿಟ್ಟು ನೋಡಿದ್ರೆ ಎರಡೂ ಗುಂಪಿನ ಭುಜ ಒಂದೇ ಥರ ಕೆಲಸ ಮಾಡ್ತಿತ್ತು. ನನಗೆ ಮುಖ್ಯ ಅನ್ನಿಸಿದ್ದು ಇದು. "ಕೂಡಂಗಿಲ್ಲ" ಅಂತ ಹೆದರಿಸೋ ಬದಲು "ಆರರಲ್ಲಿ ಒಬ್ಬನಿಗೆ ಕೂಡದೆ ಇರಬಹುದು, ಆಗ ಹಾಕಬಹುದು" ಅಂತ ಯಾಕೆ ಹೇಳಲಿಲ್ಲ? ಚರ್ಮ ಹರಿದು ಎಲುಬು ಹೊರಬಂದಿದ್ರೆ, ರಕ್ತನಾಳಕ್ಕೋ ನರಕ್ಕೋ ಪೆಟ್ಟಾಗಿದ್ರೆ ಕಾಯೋ ಮಾತೇ ಇಲ್ಲ. ಅವನಿಗೆ ಅಂಥದ್ದೇನೂ ಆಗಿರಲಿಲ್ಲ.

ಪ್ಲೇಟ್ ಕೂರೋದು ತೆಳು ಚರ್ಮದ ಕೆಳಗೆ. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಒತ್ತೋದು ಸರಿಯಾಗಿ ಅಲ್ಲೇ. ಗಾಯದ ಕೆಳಗೆ ಜೋಮು ಉಳಿಯಬಹುದು. ಕಿರಿಕಿರಿಯಾದ್ರೆ ತೆಗೆಸಲು ಇನ್ನೊಂದು ಆಪರೇಷನ್, ಇನ್ನೊಂದು ಬಿಲ್ಲು.

ಹಾಗಂತ ಪ್ಲೇಟ್ ಬೇಡವೇ ಬೇಡ ಅನ್ನಲಾರೆ. ನಮ್ಮ ಹುಡುಗ ತೊಗರಿ ಚೀಲ ಹೊತ್ತು ಲಾರಿಗೆ ಹಾಕೋನು, ಕೂತರೆ ಕೂಲಿ ಇಲ್ಲ. ಅದೇ ಕೆನಡಾದ ಲೆಕ್ಕದಲ್ಲಿ ಎಲುಬು ಕೂಡಲು ಪ್ಲೇಟಿಗೆ ಸರಾಸರಿ 16 ವಾರ, ಜೋಳಿಗೆಗೆ 28. ಅವನ ಮಟ್ಟಿಗೆ ಪ್ಲೇಟಿನ ಪರವಾದ ಅಸಲಿ ವಾದ ಇದು. ಅದನ್ನು ಯಾರೂ ಹೇಳಲಿಲ್ಲ, ಏನು ಕೆಲಸ ಮಾಡ್ತೀ ಅಂತಾನೂ ಕೇಳಲಿಲ್ಲ. ಎಲುಬು ಕೂಡದಿರೋದಕ್ಕೆ ಸಿಗರೇಟು ದೊಡ್ಡ ಕಾರಣ ಅನ್ನೋದು ಗೊತ್ತಿರೋ ವಿಷಯ. ದಿನಕ್ಕೆ ಒಂದು ಪ್ಯಾಕ್ ಸೇದೋನನ್ನ ಅದನ್ನೂ ಕೇಳಲಿಲ್ಲ.

ಎಲ್ಲಾ ಕೇಳಿಸಿಕೊಂಡು ಅವನೇ ಜೋಳಿಗೆ ಅಂದ. ಎಲುಬು ಕೂಡ್ತು, ಆದ್ರೆ ಏಳು ತಿಂಗಳು ಹಿಡೀತು. ಅಷ್ಟೂ ದಿನ ಮನೆ ನಡೆದದ್ದು ಹೆಂಡತಿಯ ಕೂಲಿಯಲ್ಲಿ. ಮುರಿದ ಕಡೆ ಗಂಟು ಉಳಿದಿದೆ, ಚೀಲ ಈಗ ಎಡ ಹೆಗಲಿಗೆ. ಸಿಗರೇಟು ಕೇಳಿದ್ರೆ "ಕಡಿಮಿ ಮಾಡೀನಣ್ಣಾ" ಅಂತಾನೆ.