650 ಪದಗಳ ಅಜ್ಜಿ

ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಾಗ 23 ಕಿಲೋ ಮಿತಿಯ ಸೂಟ್‌ಕೇಸಿನೊಳಗೆ ಸೀರೆಗಳಿಗಿಂತ ಮುಂಚೆ ಹೋಗಿ ಕೂತದ್ದು ಮೂರು ಕಾಲಿನ ಕಬ್ಬಿಣದ ಶ್ಯಾವಿಗೆ ಒರಳು. 'ಅದೆಲ್ಲ ಇಲ್ಲೇ ಸಿಗತ್ತಮ್ಮ' ಎಂದು ತಂಗಿ ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ನ್ಯೂಜೆರ್ಸಿಯ ಎಡಿಸನ್‌ನ ಅಡುಗೆಮನೆಯಲ್ಲಿ ಅದು ಆರು ತಿಂಗಳು ದುಡಿಯಿತು. ಅಮ್ಮ ವಾಪಸು ಬಂದಳು, ಒರಳು ಅಲ್ಲೇ ಉಳಿಯಿತು. ನಾಲ್ಕು ವರ್ಷ ಕಳೆದ ಮೇಲೆ ತಂಗಿಯ ಮಗಳ ಕಾಲೇಜು ಅರ್ಜಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

'ಮಾವ, ನೀವು ಇಂಗ್ಲಿಷ್ ಮೇಷ್ಟ್ರಲ್ವಾ, ಸ್ವಲ್ಪ ನೋಡಿ' ಎಂದು ಅವಳು ನನಗೆ ಕಳಿಸಿದ್ದು ಒಂದಲ್ಲ, ಐದು ಕರಡು.

ಮೊದಲನೆಯದು ಹೀಗಿತ್ತು. ಅಕ್ಕಿಹಿಟ್ಟಿನ ಉಂಡೆ ಕುದಿಯುವ ನೀರಿನಲ್ಲಿ ಬೆಂದು ಮೇಲೆ ತೇಲುತ್ತದೆ. ಬಿಸಿ ಆರುವ ಮುಂಚೆ ಒತ್ತಬೇಕು, ಆರಿದರೆ ಒರಳು ಜಗ್ಗುವುದಿಲ್ಲ. ಅಜ್ಜಿ ಉಂಡೆ ತುಂಬುತ್ತಾಳೆ, ಮೊಮ್ಮಗಳು ಹಿಡಿ ತಿರುಗಿಸುತ್ತಾಳೆ. ಹಿಡಿ ಕಿರ್ರೆನ್ನುತ್ತದೆ. 'ಒಂದ್ ತೊಟ್ಟು ಎಣ್ಣೆ ಬಿಡು' ಎನ್ನುತ್ತಾಳೆ ಅಜ್ಜಿ. ಹುಡುಗಿ ಕೈಗೆ ಸಿಕ್ಕ ಬಾಟಲಿಯಿಂದ ಬಿಡುತ್ತಾಳೆ. ಅದು ತಲೆಗೆ ಹಚ್ಚುವ ಎಣ್ಣೆ. ಅವತ್ತು ಮನೆಮಂದಿಯೆಲ್ಲ ಭೃಂಗರಾಜದ ವಾಸನೆಯ ಶ್ಯಾವಿಗೆಯನ್ನು ಕಾಯಿಹಾಲಿನಲ್ಲಿ ಕಲಸಿ ತಿನ್ನುತ್ತಾರೆ. ಅಜ್ಜಿ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು.

ಅದರ ಅಂಚಿನಲ್ಲಿ, ಗಂಟೆ ಲೆಕ್ಕದಲ್ಲಿ ಡಾಲರ್ ತೆಗೆದುಕೊಳ್ಳುವ ಸಲಹೆಗಾರರೊಬ್ಬರ ಟಿಪ್ಪಣಿಗಳಿದ್ದವು. ಚೆಂದವಾಗಿದೆ, ಆದರೆ ನೀನು ಇದರಿಂದ ಏನು ಕಲಿತೆ? ಎದುರಾದ ಕಷ್ಟ ಯಾವುದು? ಕೊನೆಯಲ್ಲಿ ನೀನು ಹೇಗೆ ಬದಲಾದೆ? ಎರಡನೆಯ ಕರಡಿನಲ್ಲಿ ನಗು ಹೋಯಿತು. ಮೂರನೆಯದರಲ್ಲಿ ತಲೆ ಎಣ್ಣೆ ಹೋಯಿತು. ನಾಲ್ಕನೆಯದರಲ್ಲಿ ಎರಡು ಸಂಸ್ಕೃತಿಗಳ ನಡುವಿನ ಸೇತುವೆ ಬಂತು. ಐದನೆಯದು ಶುರುವಾಗುವುದೇ, ನನಗೂ ಅಜ್ಜಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯುತ್ತಿರಲಿಲ್ಲ ಎಂಬ ಮಾತಿನಿಂದ. ಮಾತು ಬಾರದ ಇಬ್ಬರು ಶ್ಯಾವಿಗೆಯ ಎಳೆಗಳ ಮೂಲಕ ಒಬ್ಬರನ್ನೊಬ್ಬರು ಅರಿತರಂತೆ.

ನನ್ನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಕನ್ನಡದಲ್ಲೇ ಜಗಳ ಆಡಬಲ್ಲ ಹುಡುಗಿ ಅವಳು. ಭಾನುವಾರದ ಕನ್ನಡ ತರಗತಿಗೆ ಎಂಟು ವರ್ಷ ಹೋದವಳು. 'ಮಾವ, ಕನ್ನಡ ಬರತ್ತೆ ಅಂದ್ರೆ ಅಬ್‌ಸ್ಟಕಲ್ ಇರಲ್ವಲ್ಲ' ಎಂದಳು, ತಣ್ಣಗೆ. ಒಂದು ಸೀಟಿನ ಆಸೆಗೆ ಕನ್ನಡ ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ಬರುವ ಕನ್ನಡವನ್ನು ಬರುವುದಿಲ್ಲ ಎಂದು ಬರೆದು ಸೀಟು ಕೇಳುವುದನ್ನು ಕಂಡದ್ದು ಅದೇ ಮೊದಲು.

ಅಮೆರಿಕದ ಕಾಲೇಜ್ ಎಸ್ಸೇ ಎಂಬ ಈ ಬರಹದ ಬಗೆಯನ್ನು ಒಂದು ಸಾಹಿತ್ಯಪ್ರಕಾರ ಎಂದೇ ಎಣಿಸಿ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ವರ್ಷ ಲಕ್ಷಾಂತರ ಹದಿನೇಳರ ಹುಡುಗ ಹುಡುಗಿಯರು ಒಂದೇ ಅಳತೆಯಲ್ಲಿ ಬರೆಯುವ ಪ್ರಕಾರ ಇದು. 1975ರಲ್ಲಿ 15 ಕಾಲೇಜುಗಳು ಸೇರಿ ಶುರುಮಾಡಿದ 'ಕಾಮನ್ ಅಪ್ಲಿಕೇಶನ್' ಎಂಬ ಸಾಮಾನ್ಯ ಅರ್ಜಿ ಇವತ್ತು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ನಡೆಯುತ್ತದೆ. ಅದರ ಮುಖ್ಯ ಪ್ರಬಂಧಕ್ಕೆ ಕನಿಷ್ಠ 250 ಪದ, ಗರಿಷ್ಠ 650. ಏಳು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ನಿನ್ನ ಹಿನ್ನೆಲೆ, ನೀನು ಕಂಡ ಸೋಲು, ನೀನು ಪ್ರಶ್ನಿಸಿದ ನಂಬಿಕೆ, ನಿನ್ನನ್ನು ಬೆಳೆಸಿದ ಘಟನೆ, ಹೀಗೆ. ಏಳನೆಯದು ನಿನ್ನಿಷ್ಟದ ಯಾವುದಾದರೂ. ಹೆಸರಿಗೆ ಬಯಲು, ಆದರೆ ಸುತ್ತ ಬೇಲಿ ಇದೆ. ಬೇಲಿಯನ್ನು ಯಾರೂ ಬರೆದಿಟ್ಟಿಲ್ಲ, ಅಷ್ಟೇ.

ಎ.ಎನ್. ಮೂರ್ತಿರಾಯರನ್ನೂ ಗೊರೂರರನ್ನೂ ಓದಿ ಬೆಳೆದ ನಮ್ಮ ತಲೆಮಾರಿಗೆ ಪ್ರಬಂಧವೆಂದರೆ ಅಡ್ಡಾಡುವುದು. ಕೊಡೆಯ ಬಗ್ಗೆ ಶುರುಮಾಡಿದವನು ಮಾವನ ಮನೆಯ ಬಗ್ಗೆ ಮಾತಾಡುತ್ತಾ ಮುಗಿಸಬಹುದು. ಬರೆಯುವವನು ಪುಕ್ಕಲ, ಸೋಮಾರಿ, ಮರೆಗುಳಿ ಆಗಿರಬಹುದು. ಕೊನೆಯ ಸಾಲಿನಲ್ಲೂ ಹಾಗೇ ಉಳಿಯಬಹುದು. ಲಲಿತ ಪ್ರಬಂಧದ ಲಾಲಿತ್ಯ ಇರುವುದೇ ಅಲ್ಲಿ. ಕಾಲೇಜ್ ಎಸ್ಸೇಯಲ್ಲಿ ಸೋಮಾರಿಗೆ ಜಾಗವಿದೆ, 600ನೇ ಪದದ ಹೊತ್ತಿಗೆ ಅವನು ಎದ್ದು ಕೂರಬೇಕು, ಅಷ್ಟೇ. ಸೋತವನು ಪಾಠ ಕಲಿತಿರಬೇಕು. ಸತ್ತ ತಾತ ಮೊಮ್ಮಗನಿಗೆ ಏನಾದರೂ ಬಿಟ್ಟು ಹೋಗಿರಬೇಕು. ಕೇಳುವವನು ಸೀಟು ಕೊಡುವವನು, ಹೇಳುವವನು ಬೇಡುವವನು. ಇವರಿಬ್ಬರ ನಡುವೆ ಅಡ್ಡಾಟ ಸಾಧ್ಯವಿಲ್ಲ. ಲಹರಿಯ ವೇಷ ಹಾಕಿದ ಅರ್ಜಿ ಇದು, ಹಾಗಾಗಿ ಎಷ್ಟೇ ಚೆನ್ನಾಗಿ ಬರೆದರೂ ಒಳಗೊಂದು ಸುಳ್ಳು ಉಳಿದೇ ಉಳಿಯುತ್ತದೆ.

ಇನ್ನೊಂದು ತೊಡಕು ನಮ್ಮ ಮನೆಗಳದು. ಬಸವಣ್ಣನವರ ಬಹು ಪ್ರಸಿದ್ಧ ವಚನವೊಂದು ತನ್ನನ್ನು ತಾನು ಹೊಗಳಿಕೊಳ್ಳುವುದನ್ನು ಕಳ್ಳತನ, ಕೊಲೆ, ಸುಳ್ಳುಗಳ ಸಾಲಿನಲ್ಲೇ ನಿಲ್ಲಿಸುತ್ತದೆ. ಅದನ್ನು ಬಾಯಿಪಾಠ ಮಾಡಿಸಿದ ಅಪ್ಪ ಅಮ್ಮಂದಿರೇ ಈಗ 'ನಿನ್ನ ಬಗ್ಗೆ ಇನ್ನೂ ಸ್ವಲ್ಪ ಚೆನ್ನಾಗಿ ಬರಿಯೇ' ಎಂದು ಹಿಂದೆ ನಿಂತು ಒತ್ತಾಯಿಸಬೇಕಾಗಿದೆ. ಅರಂಗೇಟ್ರಂ ಬಗ್ಗೆ ಬರೆಯಬೇಡ, ಸ್ಪೆಲ್ಲಿಂಗ್ ಬೀ ಬಗ್ಗೆ ಬರೆಯಬೇಡ, ಅದು ತೀರಾ ಇಂಡಿಯನ್ ಆಗುತ್ತದೆ ಎಂಬ ಬುದ್ಧಿವಾದವೂ ಜೊತೆಗಿದೆ. ಹತ್ತು ವರ್ಷ ಭರತನಾಟ್ಯ ಕಲಿತ ಹುಡುಗಿ ಪ್ರಬಂಧದಲ್ಲಿ ಇನ್ನೇನಾದರೂ ಆಗಿರಬೇಕು.

ಇದನ್ನು ಬರೀ ಅಮೆರಿಕದ ತಲೆನೋವು ಎಂದು ನಾವು ನಗುವ ಹಾಗಿಲ್ಲ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಹೊರಟ ಹುಡುಗರ ಎಸ್‌ಒಪಿಗಳನ್ನು, ಎಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ಗಳನ್ನು, ನಾನು ವರ್ಷಗಟ್ಟಲೆ ತಿದ್ದಿಕೊಟ್ಟಿದ್ದೇನೆ. ಇಂಗ್ಲಿಷ್ ಪಾಠ ಹೇಳುವವನು ಎಂದ ಮೇಲೆ ಊರಿನವರು ಬಿಡುತ್ತಾರೆಯೇ? ಎಲ್ಲರೂ ಬಾಲ್ಯದಲ್ಲಿ ಟ್ರಾನ್ಸಿಸ್ಟರ್ ಬಿಚ್ಚಿದವರೇ. ನನ್ನ ಲೆಕ್ಕದಲ್ಲಿ ನಮ್ಮ ಒಂದು ಬಡಾವಣೆಯಲ್ಲೇ ಹನ್ನೊಂದು ರೇಡಿಯೋಗಳು ಬಿಚ್ಚಿಕೊಂಡು ಬಿದ್ದಿರಬೇಕು. ಸೀನಿಯರ್ ಒಬ್ಬನ ಎಸ್‌ಒಪಿ ಕೈಯಿಂದ ಕೈಗೆ ದಾಟಿ, ಒಬ್ಬನ ಪ್ರತಿಯಲ್ಲಿ ಕೊನೆಯ ಪ್ಯಾರಾದಲ್ಲಿ ಬೇರೆಯೇ ವಿಶ್ವವಿದ್ಯಾಲಯದ ಹೆಸರು ಉಳಿದುಬಿಟ್ಟಿತ್ತು. ಕಳಿಸಿದ ಮೇಲೆ ನೋಡಿದ, ಪಾಪ. ಶಿಫಾರಸು ಪತ್ರದ ಕತೆ ಇನ್ನೂ ಸರಳ. 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಎನ್ನುತ್ತಾರೆ ಎಚ್‌ಒಡಿ. ತನ್ನ ಬಗ್ಗೆ ತಾನೇ ಬೇರೆಯವರ ದನಿಯಲ್ಲಿ ಹೊಗಳಿ ಬರೆಯುವ ಕಲೆಯನ್ನು ನಮ್ಮ ಹುಡುಗರು ಕಲಿತದ್ದು ಅಲ್ಲಿ.

ಆದರೂ ಎಸ್‌ಒಪಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಯಾವ ವಿಷಯ, ಏಕೆ, ಇಲ್ಲಿಯವರೆಗೆ ಏನು ಮಾಡಿದ್ದೀಯ ಎಂದು ಅದು ಕೇಳುತ್ತದೆ. ಟ್ರಾನ್ಸಿಸ್ಟರ್ ಇಲ್ಲದೆಯೂ ಉತ್ತರಿಸಬಹುದು. ಬ್ರಿಟನ್ನಿನ ಯುಕ್ಯಾಸ್ ಅರ್ಜಿಯೂ ಹಾಗೆಯೇ: 4,000 ಅಕ್ಷರಗಳ ಮಿತಿ, ಮಾತೆಲ್ಲ ಓದುವ ವಿಷಯದ ಸುತ್ತಲೇ. 2026ರ ಪ್ರವೇಶದಿಂದ ಅದನ್ನೂ ಮೂರು ನೇರ ಪ್ರಶ್ನೆಗಳಾಗಿ ಒಡೆದಿದ್ದಾರೆ. ಅಲ್ಲಿ ಅಜ್ಜಿಗೆ ಕೆಲಸವಿಲ್ಲ. ಅಮೆರಿಕದ ಪ್ರಬಂಧ ಕೇಳುವುದು ನೀನು ಏನು ಬಲ್ಲೆ ಎಂದಲ್ಲ, ನೀನು ಎಂಥವನು ಎಂದು.

ಈ ಪ್ರಶ್ನೆ ಹುಟ್ಟಿದ ರೀತಿ ಅಷ್ಟು ಮುಗ್ಧವಾದದ್ದಲ್ಲ. 1920ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನಂಥ ಕಡೆ ಬರೀ ಪರೀಕ್ಷೆ ಬರೆದು ಗೆದ್ದು ಬರುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ಏರಿ, ಹೊಸ ವಿದ್ಯಾರ್ಥಿಗಳಲ್ಲಿ ಐದನೇ ಒಂದು ಭಾಗವನ್ನೂ ದಾಟಿತ್ತು. ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಇದು ಹಿಡಿಸಲಿಲ್ಲ. ನೇರವಾಗಿ ಕೋಟಾ ಹಾಕಲು ಹೋಗಿ ಗಲಾಟೆಯಾದ ಮೇಲೆ ಹಿಡಿದ ದಾರಿ 'ಗುಣ, ನಡತೆ' ನೋಡುವುದು. ಅರ್ಜಿಗೆ ಫೋಟೋ ಬಂತು, ಶಿಫಾರಸು ಬಂತು, ಸಂದರ್ಶನ ಬಂತು. ಹುಟ್ಟಿದಾಗಿನಿಂದ ನಿನ್ನ ಹೆಸರಿನಲ್ಲಾಗಲಿ ನಿನ್ನ ತಂದೆಯ ಹೆಸರಿನಲ್ಲಾಗಲಿ ಏನಾದರೂ ಬದಲಾವಣೆ ಆಗಿದೆಯೇ ಎಂಬ ಪ್ರಶ್ನೆಯೂ ಬಂತು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ 'ದಿ ಚೋಸನ್' ಎಂಬ ದಪ್ಪ ಪುಸ್ತಕ ಈ ಇತಿಹಾಸವನ್ನು ಕಡತ ಕಡತವಾಗಿ ಬಿಚ್ಚಿಡುತ್ತದೆ. ವ್ಯಕ್ತಿತ್ವವನ್ನು ಅಳೆಯಲು ಹೊರಟದ್ದು ಬೇಡದವರನ್ನು ಮರ್ಯಾದೆಯಿಂದ ಹೊರಗಿಡಲು. ನೂರು ವರ್ಷದ ಮೇಲೆ ಅದೇ ಹಾರ್ವರ್ಡ್‌ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಿದ್ದದ್ದು, ಏಷ್ಯಾ ಮೂಲದ ಅರ್ಜಿದಾರರಿಗೆ 'ವ್ಯಕ್ತಿತ್ವ'ದ ಕಾಲಮ್ಮಿನಲ್ಲಿ ಸರಾಸರಿ ಕಡಿಮೆ ಅಂಕ ಬೀಳುತ್ತಿತ್ತೆಂದು. ಆ ಪ್ರಕರಣದಲ್ಲೇ 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಜನಾಂಗ ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ನಿಲ್ಲಿಸುತ್ತಲೇ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಕಿಂಡಿ ಬಿಟ್ಟರು: ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆದುಕೊಂಡರೆ ಅದನ್ನು ಪರಿಗಣಿಸಬಹುದು. ಪ್ರಬಂಧದ ನೆಪದಲ್ಲಿ ಹಳೆಯ ಪದ್ಧತಿಯನ್ನೇ ಒಳತರಬಾರದು ಎಂದೂ ಎಚ್ಚರಿಸಿದರು. ಅಂತೂ ಕಪ್ಪು ಹುಡುಗನ ಅವಮಾನ ಈಗ 650 ಪದಗಳಲ್ಲಿ ಅವನೇ ಚೆಂದವಾಗಿ ಹೇಳಿಕೊಂಡರೆ ಮಾತ್ರ ಲೆಕ್ಕಕ್ಕೆ.

ನಮ್ಮಲ್ಲಿ ಜಾತಿಯ ಅನ್ಯಾಯಕ್ಕೆ ತಹಶೀಲ್ದಾರರ ಸಹಿ ಸಾಕು. ಆ ಪ್ರಮಾಣಪತ್ರಕ್ಕೆ ನಾಡಕಚೇರಿಯ ಮುಂದೆ ಕ್ಯೂ ನಿಲ್ಲಬೇಕು, ನಿಜ. ಆದರೆ ಕ್ಯೂನಲ್ಲಿ ನಿಂತವನನ್ನು ನಿನಗೆ ಆದ ನೋವನ್ನು ಮನಮುಟ್ಟುವಂತೆ ಬಣ್ಣಿಸು ಎಂದು ಯಾರೂ ಕೇಳುವುದಿಲ್ಲ.

ನಾವೂ ಒಂದು ಕಾಲಕ್ಕೆ ವ್ಯಕ್ತಿತ್ವ ಅಳೆದವರೇ. 60ರ ದಶಕದ ಆರಂಭದ ಮೈಸೂರು ರಾಜ್ಯದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನವಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚೆ ಎಲ್ಲಕ್ಕೂ ಅಂಕ. ಅದನ್ನು ಪ್ರಶ್ನಿಸಿ ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1964ರಲ್ಲಿ ಕೋರ್ಟು ಸರ್ಕಾರದ ಪರವೇ ತೀರ್ಪು ಕೊಟ್ಟಿತು. 1994ರಲ್ಲಿ ಸಿಇಟಿ ಬಂದ ಮೇಲೆ ಆ ಮಾತೇ ಇಲ್ಲ. ಸಿಇಟಿಯನ್ನು ನಾನು ಹೊಗಳಲಾರೆ. ಪಿಯು ಎರಡು ವರ್ಷವನ್ನು ಅದು ನುಂಗಿಹಾಕಿದ್ದನ್ನು ತರಗತಿಯೊಳಗೆ ನಿಂತು ನೋಡಿದ್ದೇನೆ. ಕೋಚಿಂಗ್ ಕೊಳ್ಳಬಲ್ಲವನು ರ್‍ಯಾಂಕನ್ನೂ ಕೊಳ್ಳುತ್ತಾನೆ. ಆದರೆ ರ್‍ಯಾಂಕಿಗೆ ಒಂದು ಸೌಜನ್ಯವಿದೆ. ಅದು ನಿಮ್ಮ ಮನೆಯ ವಿಷಯ ಕೇಳುವುದಿಲ್ಲ. ಅಪ್ಪ ಕುಡಿಯುತ್ತಾನೆಯೇ, ಅಮ್ಮನಿಗೆ ಕ್ಯಾನ್ಸರೇ ಎಂದು ವಿಚಾರಿಸುವುದಿಲ್ಲ. ಹದಿನೇಳರ ವಯಸ್ಸಿನಲ್ಲಿ ಕೆಲವು ಸಂಗತಿಗಳನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವ ಹಕ್ಕಿಗೆ ಬೆಲೆಯಿದೆ ಎಂದು ಐದನೇ ಕರಡು ಓದುವಾಗ ನನಗೆ ಅನ್ನಿಸಿತು.

ಪರೀಕ್ಷೆ ಶ್ರೀಮಂತರ ಆಟ, ಪ್ರಬಂಧದಲ್ಲಿ ಬಡವರಿಗೂ ದನಿಯಿದೆ ಎನ್ನುವವರಿದ್ದಾರೆ. 2021ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ ಸುಮಾರು 60,000 ಮಂದಿಯ 2,40,000 ಪ್ರಬಂಧಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿತು. ಮನೆಯ ಆದಾಯಕ್ಕೂ ಎಸ್‌ಎಟಿ ಪರೀಕ್ಷೆಯ ಅಂಕಕ್ಕೂ ಇರುವ ನಂಟಿಗಿಂತ, ಆದಾಯಕ್ಕೂ ಪ್ರಬಂಧದ ವಸ್ತುವಿಗೂ ಇರುವ ನಂಟು ಗಟ್ಟಿ ಎಂದು ಕಂಡಿತು. ಆಶ್ಚರ್ಯವೇನಿಲ್ಲ. ಸಲಹೆಗಾರರ ಗಂಟೆ ದರ ಕೇಳಿದ ನನ್ನ ಭಾವನಿಗೆ ಈ ಅಧ್ಯಯನ ಬೇಕಾಗಿರಲಿಲ್ಲ.

ಚಾಟ್‌ಜಿಪಿಟಿ ಬಂದ ಮೇಲೆ ತಮಾಷೆ ಹೆಚ್ಚಿದೆ. ಯಂತ್ರದಿಂದ ಬರೆಸಿದ್ದನ್ನು ತನ್ನದೆಂದು ಕಳಿಸುವುದು ಕಾಮನ್ ಅಪ್ಲಿಕೇಶನ್‌ನ ನಿಯಮದಲ್ಲಿ ವಂಚನೆ. 2024ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ಬಿಟ್ಟಿತು. ಹುಡುಗಿಯ ಬಾಯಿಂದ ಕನ್ನಡ ಕಿತ್ತ ಸಲಹೆಗಾರರು ಮಾತ್ರ ಯಾವ ನಿಯಮಕ್ಕೂ ಸಿಗುವುದಿಲ್ಲ. ಅವರು ಪ್ರಶ್ನೆ ಕೇಳಿದ್ದಷ್ಟೇ ಅಲ್ಲವೇ?

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಅರ್ಜಿಯ ಕಾಟ ಇರದಿದ್ದರೆ ಆ ಮೊದಲ ಕರಡೂ ಇರುತ್ತಿರಲಿಲ್ಲ. ಹದಿನೇಳು ವರ್ಷದವಳು ತಾನಾಗಿ ಕೂತು ಅಜ್ಜಿಯ ಬಗ್ಗೆ 400 ಪದ ಬರೆಯುವ ಕಾಲ ಇದಲ್ಲ. ನಾನು ಪಾಠ ಹೇಳಿದ 30 ವರ್ಷದಲ್ಲಿ 'ನನ್ನ ಅಜ್ಜಿ' ಎಂದು ಬರೆಸಿದ ಪ್ರಬಂಧಗಳಲ್ಲೆಲ್ಲ ಅಜ್ಜಿಗೆ ಬೆಳ್ಳಿ ಕೂದಲು, ಬೊಚ್ಚು ಬಾಯಿ, ಕತೆ ಹೇಳುವ ಚಟ. ಒಬ್ಬ ಅಜ್ಜಿಯೂ ತಲೆ ಎಣ್ಣೆಯ ವಾಸನೆಗೆ ಬಿದ್ದು ಬಿದ್ದು ನಕ್ಕವಳಲ್ಲ.

ಮೊದಲನೆಯದನ್ನೇ ಕಳಿಸು ಎಂದೆ. 'ರಿಸ್ಕ್ ಮಾವ' ಎಂದಳು. ಐದನೆಯದೇ ಹೋಯಿತು. ಎರಡು ಕಡೆ ಸಿಕ್ಕಿತು, ಆರು ಕಡೆ ಇಲ್ಲ. ಅಜ್ಜಿ ಯಾವ ಕಡೆ ಕೆಲಸಕ್ಕೆ ಬಂದಳು, ಯಾವ ಕಡೆ ಕೈಕೊಟ್ಟಳು ಎಂದು ಯಾರೂ ತಿಳಿಸುವುದಿಲ್ಲ.

ಸುದ್ದಿ ಕೇಳಿದ ಅಮ್ಮ ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ, 'ನನ್ ಬಗ್ಗೆ ಬರ್ದಿದೀಯಂತಲ್ಲೇ, ಓದು ನೋಡೋಣ' ಎಂದಳು. ನಾನು ಪಕ್ಕದಲ್ಲೇ ಇದ್ದೆ. ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿ, ಮೊದಲ ಕರಡನ್ನು ತೆಗೆದು ಸಾಲು ಸಾಲಾಗಿ ಕನ್ನಡ ಮಾಡುತ್ತಾ ಓದಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

'ಚೆನ್ನಾಗಿ ಬರ್ದಿದೀಯ ಪುಟ್ಟಿ,' ಎಂದಳು ಕೊನೆಗೆ. 'ಆದ್ರೆ ತಲೆ ಎಣ್ಣೆ ಬಿಟ್ಟಿದ್ದು ನೀನಲ್ಲ ಕಣೆ, ನಿಮ್ಮಪ್ಪ. ನೀನು ಮಹಡಿ ಮೇಲೆ ಮಲ್ಗಿದ್ದೆ.'