ಪ್ಲೇಟಿನಿಂದ ಸಿ.ಡಿ.ಗೆ, ತಂಬೂರಿ ಕಳೆಯದಂತೆ

ಹಳೆಯ ಗ್ರಾಮಫೋನ್ ಪ್ಲೇಟಿನ ಹಾಡನ್ನು ಕಂಪ್ಯೂಟರಿಗೆ ತುಂಬಿಕೊಂಡವರು ಮೊದಲು ಹುಡುಕುವುದು ಚಟಪಟ ಸದ್ದನ್ನು ಅಳಿಸುವ ಗುಂಡಿಯನ್ನು. ಅದನ್ನು ಧಾರಾಳವಾಗಿ ಬಳಸಿದರೆ ಗೀರಿನ ಸದ್ದು ಹೋಗುತ್ತದೆ, ನಿಜ. ಅದರ ಜೊತೆಗೇ ಮೃದಂಗದ ಚಾಪು ಮೊಂಡಾಗುತ್ತದೆ, ವೀಣೆಯ ಮೀಟು ಕಳೆಗುಂದುತ್ತದೆ. ಥಟ್ಟನೆ ಏರಿ ಥಟ್ಟನೆ ಇಳಿಯುವ ಸದ್ದನ್ನೆಲ್ಲ ಆ ಸಾಫ್ಟ್‌ವೇರ್ ಗೀರೆಂದೇ ಅನುಮಾನಿಸುತ್ತದೆ. ಬೆರಳಿನ ಪೆಟ್ಟು ಯಾವುದು, ಧೂಳಿನ ಪೆಟ್ಟು ಯಾವುದು ಎಂದು ಬಿಡಿಸಿ ಹೇಳಬೇಕಾದದ್ದು ಕೇಳುಗನ ಕಿವಿಯೇ.

ಎರಡನೆಯ ಗುಂಡಿ ಇನ್ನೂ ಅಪಾಯಕಾರಿ. ಹಿನ್ನೆಲೆಯ ಮೊರೆತ ತೆಗೆಯಲು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಮೊದಲು ಒಂದು ಮಾದರಿ ಕೇಳುತ್ತದೆ: ಸಂಗೀತವಿಲ್ಲದ, ಬರೀ ಮೊರೆತವಿರುವ ಒಂದೆರಡು ಸೆಕೆಂಡು. ಅವಸರದಲ್ಲಿ ಗಾಯಕರು ದನಿ ತೆಗೆಯುವ ಮುಂಚಿನ ತುಣುಕನ್ನು ತೋರಿಸಿದರೆ ಅಲ್ಲಿ ತಂಬೂರಿ ನುಡಿಯುತ್ತಿರುತ್ತದೆ. ಒಂದೇ ಸಮನೆ ಮೊಳಗುವ ತಂಬೂರಿಯನ್ನು ಕೊಳೆಯೆಂದು ಕಲಿತುಕೊಂಡ ಸಾಫ್ಟ್‌ವೇರ್ ಹಾಡಿನುದ್ದಕ್ಕೂ ಅದನ್ನು ಒರೆಸುತ್ತ ಹೋಗುತ್ತದೆ. ಶ್ರುತಿಯ ಆಸರೆ ತಪ್ಪಿದ ಗಾಯನ ಮಾತ್ರ ಉಳಿಯುತ್ತದೆ. ಮುಳ್ಳು ಪ್ಲೇಟಿನ ಅಂಚಿಗೆ ಇಳಿದು, ಸಂಗೀತ ಇನ್ನೂ ಶುರುವಾಗದ ಆ ಕ್ಷಣವಿದೆಯಲ್ಲ, ಮಾದರಿ ತೆಗೆಯಲು ತಕ್ಕ ಜಾಗ ಅದೊಂದೇ.

ಹಾಗಾಗಿ ಅನುಭವಸ್ಥರು ಹೆಚ್ಚಿನ ಕೆಲಸವನ್ನು ಕಂಪ್ಯೂಟರ್ ಹಚ್ಚುವ ಮೊದಲೇ ಮುಗಿಸಿಕೊಳ್ಳುತ್ತಾರೆ. ನೀರು, ಮುಳ್ಳು, ವೇಗ ಈ ಮೂರು ಸರಿಯಾದರೆ ಗುಂಡಿಗಳಿಗೆ ಕೆಲಸವೇ ಕಡಿಮೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಪ್ಲೇಟುಗಳ ಮೇಲೆ ಬೂಷ್ಟು ಬಂದಿರುವುದು ಸಾಮಾನ್ಯ. ತೊಳೆಯುವ ಮುನ್ನ ಪ್ಲೇಟು ಯಾವುದರಿಂದ ಆದದ್ದೆಂದು ನೋಡಲೇಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು ಬಹುಪಾಲು ಅರಗು ಮತ್ತು ಕಲ್ಲುಪುಡಿಯ ಮಿಶ್ರಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ 33⅓ ಸುತ್ತಿನ ಎಲ್.ಪಿ. ವಿನೈಲ್‌ನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಗಳು ಮರಕ್ಕೆ ಬಳಿಯುವ ಪಾಲಿಷ್ ತಯಾರಾಗುವುದೇ ಹಾಗೆ. ಆದ್ದರಿಂದ ಸ್ಪಿರಿಟ್ ಬೆರೆತ ಯಾವ ದ್ರಾವಣವೂ 78ರ ಪ್ಲೇಟಿಗೆ ತಾಗಬಾರದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಇದ್ದರೆ ಸಾಕು. ಬ್ರಷ್ ಆಡಬೇಕಾದದ್ದು ತೋಡಿನ ಗುಂಟ, ಸುತ್ತಿನ ದಿಕ್ಕಿನಲ್ಲಿ. ನಡುವಿನ ಕಾಗದದ ಲೇಬಲ್ ಒದ್ದೆಯಾಗದಂತೆ ನೋಡಿಕೊಂಡು, ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ.

ಮುಳ್ಳಿನ ವಿಷಯದಲ್ಲಿ ರಾಜಿ ಸಲ್ಲದು. 78ರ ತೋಡು ಅಗಲ, ಅದಕ್ಕೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್. ಎಲ್.ಪಿ.ಗೆ ಸುಮಾರು 18ರಿಂದ 25 ಮೈಕ್ರಾನ್. ಸಣ್ಣ ಮುಳ್ಳನ್ನು 78ಕ್ಕೆ ಇಟ್ಟರೆ ಅದು ತೋಡಿನ ತಳಕ್ಕೆ ಜಾರಿ, ಸಂಗೀತ ಕೊರೆದಿರುವ ಗೋಡೆಗಳನ್ನು ಬಿಟ್ಟು ತಳದ ಕೊಳೆಯನ್ನೇ ಓದತೊಡಗುತ್ತದೆ. ಕೀಲಿ ಕೊಡುವ ಹಳೆಯ ಪೆಟ್ಟಿಗೆಯ ಉಕ್ಕಿನ ಮುಳ್ಳಿಗಂತೂ ಎಲ್.ಪಿ.ಯನ್ನು ಒಪ್ಪಿಸಲೇಬಾರದು, ಒಂದೇ ಓಟಕ್ಕೆ ತೋಡು ಉತ್ತುಹೋಗುತ್ತದೆ. ಒಳ್ಳೆಯ ಟರ್ನ್‌ಟೇಬಲ್‌ನಲ್ಲಿ ಎಲ್.ಪಿ.ಯ ಮೇಲೆ ಬೀಳುವ ಭಾರ ಎರಡು ಗ್ರಾಂ ಆಸುಪಾಸು.

ಮುಳ್ಳಿನಿಂದ ಹೊರಡುವ ವಿದ್ಯುತ್ ಸಂಕೇತ ಬಹಳ ಕ್ಷೀಣ, ಸಾಮಾನ್ಯ ಕಾರ್ಟ್ರಿಜ್‌ನಲ್ಲಿ 5 ಮಿಲಿವೋಲ್ಟ್‌ನಷ್ಟು. ಫೋನೋ ಪ್ರೀಆಂಪ್ ಇಲ್ಲದೆ ಅದನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿದರೆ ಮಂದ್ರವೇ ಇಲ್ಲದ ಕೀರಲು ದನಿ ಬರುತ್ತದೆ. ಪ್ಲೇಟು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಅದನ್ನು ತಿರುಗುಮುರುಗು ಮಾಡಿ ಸಮತೋಲಕ್ಕೆ ತರುವುದೂ ಪ್ರೀಆಂಪ್‌ನ ಕೆಲಸ. 1954ರಲ್ಲಿ ಇದಕ್ಕೆ ಆರ್.ಐ.ಎ.ಎ. ಎಂಬ ಒಂದೇ ಅಳತೆ ಬಂತು. ಅದಕ್ಕೂ ಮುಂಚೆ ಕಂಪನಿಗೊಂದು ಪದ್ಧತಿ ಇತ್ತು. ಹಾಗಾಗಿ ಹಳೆಯ 78ರ ದನಿ ಮಂಕಾಗಿ ಕೇಳಿದರೆ ಪ್ಲೇಟನ್ನು ದೂರುವ ಮುನ್ನ ಈ ಅಳತೆಯನ್ನು ಬದಲಿಸಿ ನೋಡಬೇಕು.

ರಸಿಕನ ಜ್ಞಾನ ಕೆಲಸಕ್ಕೆ ಬರುವುದು ವೇಗದ ಲೆಕ್ಕದಲ್ಲಿ. '78' ಎನ್ನುವುದು ಹೆಸರಿಗೆ. ಆರಂಭದ ದಶಕಗಳ ಪ್ಲೇಟುಗಳು ಅದಕ್ಕಿಂತ ನಿಧಾನವಾಗಿಯೋ ಬೇಗವಾಗಿಯೋ ಮುದ್ರಣಗೊಂಡಿವೆ. 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಮನೆ ಏರುತ್ತದೆ. ಒಂದು ಮನೆಯಲ್ಲಿ ಹಾಡಿದವರು ಒಂದೂವರೆ ಮನೆಗೆ ಹತ್ತಿ ಕೂರುತ್ತಾರೆ, ಮೂರು ನಿಮಿಷದ ಕೃತಿ ಒಂಬತ್ತು ಸೆಕೆಂಡು ಬೇಗ ಮುಗಿಯುತ್ತದೆ, ಗಮಕಗಳಿಗೆ ಇಲ್ಲದ ಅವಸರ ಬರುತ್ತದೆ. ಗಾಯಕರ ವಾಡಿಕೆಯ ಶ್ರುತಿ ತಿಳಿದವರು ತಂಬೂರಿ ಪೆಟ್ಟಿಗೆ ಹಚ್ಚಿಕೊಂಡು ವೇಗವನ್ನು ಅದಕ್ಕೆ ಕೂಡಿಸಬಲ್ಲರು.

ಇದರಲ್ಲೂ ಎಚ್ಚರ ಬೇಕು. ಗಂಗೂಬಾಯಿ ಹಾನಗಲ್ ಅವರ ತೀರ ಮೊದಲ ಎಚ್.ಎಂ.ವಿ. ಪ್ಲೇಟುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಅವುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಲೋಕಕ್ಕೆ ಪರಿಚಿತವಾದ ಅವರ ಆ ಘನವಾದ ಗಡಸು ಕಂಠ ಮೂಡಿದ್ದು ಗಂಟಲಿನ ಚಿಕಿತ್ಸೆಯ ನಂತರ. ಮುಂದಿನ ಮುದ್ರಣಗಳನ್ನಷ್ಟೇ ಕೇಳಿದವರು 'ಗಾಂಧಾರಿ' ಪ್ಲೇಟು ಬೇಗ ತಿರುಗುತ್ತಿದೆ ಎಂದು ತಿಳಿದು ವೇಗ ತಗ್ಗಿಸಿದರೆ, ಒಬ್ಬ ಮಹಾನ್ ಗಾಯಕಿಯ ಎಳೆತನದ ದನಿಯನ್ನೇ ಅಳಿಸಿದ ಹಾಗಾಗುತ್ತದೆ. ಬೆಂಗಳೂರಿನಲ್ಲಿ ವಿಕ್ರಂ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಸಂಗ್ರಹಗಳು ಹೋಲಿಸಿ ಕೇಳಲು ಒದಗುವುದು ಇಂಥ ಹೊತ್ತಿನಲ್ಲೇ.

ಹಾಡು ಮುಗಿದ ಕೂಡಲೇ ಕತ್ತರಿಸಿಬಿಡುವುದೂ ತಪ್ಪು. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಘೋಷಿಸುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ಗೊತ್ತಾಗಬೇಕಿತ್ತು. ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆಕೆಯ ಮಾತಿನ ದನಿಗೆ ಆ ಕೆಲವು ಸೆಕೆಂಡುಗಳಷ್ಟು ಒಳ್ಳೆಯ ದಾಖಲೆ ಬೇರೆ ಎಲ್ಲಿದೆ?

ಎಲ್.ಪಿ.ಗಳ ಕಷ್ಟ ಬೇರೆ ಬಗೆಯದು. 1963ರ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದಂಥ ಪ್ಲೇಟು ದಿನಾ ಬೆಳಿಗ್ಗೆ ತಿರುಗಿ ತಿರುಗಿ ಸವೆದಿರುತ್ತದೆ. ಲೇಬಲ್ ಹತ್ತಿರ ಬಂದಂತೆ ಮುಳ್ಳಿನಡಿ ತೋಡು ಸರಿಯುವ ವೇಗ ಹೊರ ಅಂಚಿನಲ್ಲಿದ್ದುದರ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಒಡಕು ದನಿ ಮೊದಲು ಕೇಳಿಸುವುದು ಕೊನೆಯ ಭಾಗದಲ್ಲಿ. ಸವೆದ ತೋಡನ್ನು ಯಾವ ಸಾಫ್ಟ್‌ವೇರೂ ತುಂಬಿಕೊಡದು. ಅದೇ ಮುದ್ರಣದ ಕಡಿಮೆ ಸವೆದ ಇನ್ನೊಂದು ಪ್ರತಿ ಹುಡುಕುವುದೇ ದಾರಿ. ಮಾನೋ ಪ್ಲೇಟಾದರೆ ಒಂದು ಸುಲಭ ಉಪಾಯವಿದೆ. ಅದರಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡಡ್ಡ ಚಲನೆಯಲ್ಲಿ ಮಾತ್ರ. ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿದರೆ ಮೇಲೆ ಕೆಳಗೆ ಕುಣಿದು ಹುಟ್ಟಿದ ಸದ್ದು ತಾನಾಗಿ ಅಳಿಯುತ್ತದೆ, ಸಂಗೀತಕ್ಕೆ ಏನೂ ತಾಗುವುದಿಲ್ಲ.

ತುಂಬಿಕೊಳ್ಳುವಾಗ 24 ಬಿಟ್ ಇಟ್ಟು, ಅತಿ ಗಟ್ಟಿ ಸದ್ದಿಗೂ 6 ಡೆಸಿಬೆಲ್ ಜಾಗ ಬಿಟ್ಟಿರಬೇಕು. ಸಿ.ಡಿ.ಗೆ ಇಳಿಸುವಾಗ ಮಾತ್ರ ಅದರ ಅಳತೆಯಾದ 16 ಬಿಟ್, ಸೆಕೆಂಡಿಗೆ 44,100 ಮಾದರಿಗೆ ತಗ್ಗಿಸಿದರೆ ಸಾಕು. ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ. 80 ನಿಮಿಷದ ಒಂದು ಸಿ.ಡಿ.ಯಲ್ಲಿ 78ರ ಇಪ್ಪತ್ತಕ್ಕೂ ಹೆಚ್ಚು ಮುಖಗಳು ಕೂರುತ್ತವೆ. ಮನೆಯಲ್ಲಿ ಬರೆಯುವ ಸಿ.ಡಿ.ಯ ಬಣ್ಣದ ಲೇಪ ಬಿಸಿಲು, ಸೆಕೆಗೆ ಮಾಸುವಂಥದ್ದು. ಆದ್ದರಿಂದ ಯಾವ ಗುಂಡಿಯನ್ನೂ ಒತ್ತದ ಮೂಲ ಫೈಲು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು. ಇದೆಲ್ಲ ಮನೆಯವರು ಕೇಳಿಕೊಳ್ಳುವ ಪ್ರತಿಯ ಮಾತು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ; ಮಾರುವುದಕ್ಕೆ, ಹಂಚುವುದಕ್ಕೆ ಅದು ಅಡ್ಡ ಬರುತ್ತದೆ.

ಸಿ.ಡಿ.ಯ ಹೊದಿಕೆಯಲ್ಲಿಡುವ ಚೀಟಿಯ ಮೇಲೆ ರಾಗ, ಹೆಸರುಗಳ ಜೊತೆ ಲೇಬಲ್ಲಿನ ಸಂಖ್ಯೆ, ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆ, ಬಳಸಿದ ಮುಳ್ಳು, ಇಟ್ಟುಕೊಂಡ ವೇಗ ಇಷ್ಟನ್ನೂ ಬರೆದಿಡುವುದು ಒಳ್ಳೆಯದು. ಶ್ರುತಿಯನ್ನು ಇನ್ನೂ ಚೆನ್ನಾಗಿ ಬಲ್ಲವರ ಕೈಗೆ ಅದು ಸಿಕ್ಕಾಗ ವೇಗವನ್ನು ತಿದ್ದಿ ಮತ್ತೆ ಇಳಿಸಲು ಅವರಿಗೆ ಈ ಅಂಕಿಗಳು ಬೇಕಾಗುತ್ತವೆ.